ಅಳತೆ ಪುಸ್ತಕ

ಮುಹರ್ರಕ್‌ನ ಮೀನುಪೇಟೆಯ ಹಿಂದೆ ಅಂಗಡಿ.
ಬೋರ್ಡಿನಲ್ಲಿ ಅರಬಿ, ಅದರಡಿ ತಪ್ಪು ಇಂಗ್ಲಿಷು,
ಗಲ್ಲಾದ ಹಿಂದೆ ಮಾತ್ರ ಸೀಮೆಸುಣ್ಣದ ಕನ್ನಡ:
‘ಇಂದು ಕೊಟ್ಟದ್ದು ಈದ್ ಕಳೆದು ಸಿಗುತ್ತದೆ.’
ಅಣ್ಣಪ್ಪ ಶೇರಿಗಾರರು, ಗಂಗೊಳ್ಳಿಯವರು,
ಮೂವತ್ತೊಂದು ವರ್ಷದಿಂದ ಇಲ್ಲಿ ತೋಬು ಹೊಲಿಯುತ್ತಾರೆ.
ಬೀಡಿ ಮುಟ್ಟಿದವರಲ್ಲ.

ನನ್ನ ಕೆಲಸ ಸೇತುವೆಯಾಚೆ, ಕಿಟಕಿಯಿಲ್ಲದ ಕೋಣೆಯಲ್ಲಿ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆ; ಹೊರಗೆ ನಲವತ್ತಾರು.
ಆಗಸ್ಟಿನಲ್ಲಿ ಈ ದ್ವೀಪದ ಮೇಲೆ
ಜೀವಕೋಶಗಳಷ್ಟು ತಂಪಾಗಿರುವವರು ಕಡಿಮೆ.
ತಟ್ಟೆಯ ಮೇಲೆ ಸಂಖ್ಯೆ ಬರೆದಿದೆ: ಶ್ವಾಸ ಹದಿನಾಲ್ಕು.
ಹೆಸರು ನನಗೆ ಗೊತ್ತಿರಬಾರದು.
ಆದರೆ ಎದೆಯ ನೀರು ತೆಗೆದ ದಿನ
ವಾರ್ಡಿನಲ್ಲಿ ಮಾತು ದಾಟಿಸಲು ಕರೆದದ್ದು ನನ್ನನ್ನೇ.

ಮದ್ದು ಹನಿಸಿದೆ.
ಒಂಬತ್ತನೆಯ ದಿನಕ್ಕೆ
ಸಾವಿರದಲ್ಲಿ ಒಂಬೈನೂರ ತೊಂಬತ್ತೇಳು ಸುಕ್ಕಿ ತೇಲಿದವು.
ಉಳಿದ ಮೂರು
ಬೆಳೆಯಲಿಲ್ಲ, ಸಾಯಲೂ ಇಲ್ಲ,
ತಳಕ್ಕೆ ಚಪ್ಪಟೆಯಾಗಿ ಅಂಟಿ
ಸುಮ್ಮನಿದ್ದವು.

ಒಡೆದು ಓದಿದರೆ ಅಕ್ಷರ ಅವೇ.
ಒಂದು ಕೊಂಬು, ಒಂದು ಸೊನ್ನೆ ಬದಲಾಗಿರಲಿಲ್ಲ.
ಬದಲಾದದ್ದು ಗಟ್ಟಿಯಾಗಿ ಓದುವ ಪುಟ.
‘ಬೆಳೆ’ ಎಂಬುದು ಮುಚ್ಚಿತ್ತು,
‘ಹೊರಗೆ ಚೆಲ್ಲು’ ಎಂಬುದು ತೆರೆದಿತ್ತು,
ಹೊಟ್ಟೆಯೊಳಗಿದ್ದಾಗ ಓದಿ ಮಡಿಸಿಟ್ಟ ಪುಟವೊಂದು
ಯಾರನ್ನೂ ಕೇಳದೆ ಬಿಚ್ಚಿಕೊಂಡಿತ್ತು.

ಇದನ್ನು ಅವರಿಗೆ ಹೇಳಲು ನನ್ನ ಮಾತು ಸಾಲಲಿಲ್ಲ.
‘ಜೀನು’ ಎಂದೆ. ಅವರು ಗೂಟಕ್ಕೆ ತೂಗಿದ
ಜೀನ್ಸ್ ಪ್ಯಾಂಟಿನ ಕಡೆ ನೋಡಿದರು.
ಆಮೇಲೆ ಅವರೇ ಹಲಗೆಯಡಿಯಿಂದ
ಎಣ್ಣೆ ಕುಡಿದ ರಟ್ಟಿನ ಅಳತೆ ಪುಸ್ತಕ ಎಳೆದರು.

‘ಕಾಣಿ ಬಾಯಿ, ಇಡೀ ಮುಹರ್ರಕ್ಕಿನ ಹೆಗಲು ಇದ್ರಲ್ಲಿತ್ತ್.
ರಮದಾನಿಗೆ ತೋಬಿನ ಪುಟ, ಸೆಪ್ಟೆಂಬರಿಗೆ ಶಾಲೆ ಯೂನಿಫಾರಂ.
ಮುನ್ಸಿಪಾಲ್ಟಿಯವ ಬಂದ ದಿನ ಎಂತದೂ ಇಲ್ಲ,
ಬರೀ ಗುಂಡಿ ಹಚ್ಚುದ್.
ಪುಸ್ತಕ ಬದ್ಲಾತಿಲ್ಲ, ತೆಗೆಯು ಪುಟ ಬದ್ಲಾತ್ತ್.
ಅದೂ ಹಾಂಗೇ ಅಲ್ದಾ?’

ಹಾಗೆಯೇ ಎಂದೆ.
ಹಾಗಲ್ಲ ಎಂದು ಬಸ್ಸಿನಲ್ಲಿ ಹೊಳೆಯಿತು.
ಅಂಗಡಿಗೊಬ್ಬ ದರ್ಜಿ ಇದ್ದಾನೆ, ಅವನಿಗೆ ಬಾಡಿಗೆಯ ಚಿಂತೆ ಇದೆ.
ಕೋಶದೊಳಗೆ ಯಾರೂ ಇಲ್ಲ.
ಹೆದರಿಕೆ ಇಲ್ಲ, ಹಟ ಇಲ್ಲ, ಉಪಾಯ ಇಲ್ಲ;
ಮದ್ದು ಬಿದ್ದ ಗಳಿಗೆಯಲ್ಲಿ ಗಾಳಿಗೆ ಯಾವ ಪುಟ ತೆರೆದಿತ್ತೋ
ಅದರ ಮೇಲೆ ಜೀವ ನಿಂತಿತು, ಅಷ್ಟೆ.

ತೂಬ್ಲಿ ಕೊಲ್ಲಿಯ ಹತ್ತಿರ ಇಳಿದುಬಿಟ್ಟೆ.
ನಮ್ಮ ಹೊಳೆಬಾಯಿಯ ಕಾಂಡ್ಲಾ ಇಲ್ಲೂ ಇದೆ,
ಕುಳ್ಳಗೆ, ಪ್ಲಾಸ್ಟಿಕ್ಕು ಸಿಕ್ಕಿಸಿಕೊಂಡು,
ಎಲೆಯ ಮೇಲೆ ಉಪ್ಪಿನ ಹರಳು.
ಕುಡಿಯುವುದು ಸಮುದ್ರವನ್ನೇ,
ಬೇಡದ್ದನ್ನು ಎಲೆಯಿಂದ ಬೆವರುತ್ತದೆ.
ಬೆರಳಿಂದ ಒರೆಸಿ ನಾಲಗೆಗಿಟ್ಟೆ.
ಮರವಾದರೆ ಬೇಲಿ ಹಾಕಿ ಕಾಯುತ್ತೇವೆ.
ತಟ್ಟೆಯಲ್ಲಿ ಅದೇ ಕೆಲಸಕ್ಕೆ
ಕೆಂಪು ಶಾಯಿಯ ಗುರುತು ಹಾಕುವವಳು ನಾನು.

ಅಕ್ಟೋಬರಿನಲ್ಲಿ ಮದ್ದಿಲ್ಲದ ರಸ ಕೊಟ್ಟೆ.
ಒಂದು ವಾರ ಏನೂ ಇಲ್ಲ.
ಆಮೇಲೆ ಮೈಮುರಿದವು, ಒಡೆದು ಎರಡಾದವು, ನಾಲ್ಕಾದವು.
ಒಂಬತ್ತನೆಯ ಸಲ ತಟ್ಟೆ ಬದಲಿಸುವ ಹೊತ್ತಿಗೆ
ಮರಿಮಕ್ಕಳು ಆ ಪುಟವನ್ನೇ ಮರೆತಿದ್ದವು.
ಮತ್ತೆ ಹನಿಸಿದೆ:
ಒಂಬೈನೂರ ತೊಂಬತ್ತೇಳು.
ಮತ್ತೆ ಮೂರು.

ವರದಿ ನೋಡಿದ ಡಾಕ್ಟರು ‘ಇಂಟರೆಸ್ಟಿಂಗ್’ ಎಂದರು,
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೊನ್ನೆ ಅಂಗಡಿಗೆ ಹೋದೆ. ‘ಎರಡು ತಿಂಗಳು ಮಾತ್ರೆ ನಿಲ್ಸಿರ್.
ಮರೀಲಿ ಅಂದೇಳಿ.’ ನಕ್ಕು, ಕೆಮ್ಮಿ,
ಕೆಮ್ಮು ಇಳಿದ ಮೇಲೆ ಸೂಜಿಗೆ ನೂಲು ಪೋಣಿಸಿದರು.
‘ನಿಮ್ಮ ಲ್ಯಾಬ್ ಕೋಟಿನ ತೋಳು ಉದ್ದ ಆಯ್ತಲೆ ಬಾಯಿ’ ಎಂದು
ಹೆಗಲಿನಿಂದ ಮಣಿಕಟ್ಟಿಗೆ ಟೇಪು ಎಳೆದು
ಹೊಸ ಪುಟದಲ್ಲಿ ಬರೆದುಕೊಂಡರು: ಇಪ್ಪತ್ತೆರಡೂವರೆ.
ಹೆಸರಿನ ಜಾಗ ಖಾಲಿ ಬಿಟ್ಟರು.
‘ಜೆಸಿಂತಾ ಅಂತ ಬರೆಯಿರಿ’ ಎಂದೆ.
‘ನಂಬ್ರ ಸಾಕ್. ಹೆಸ್ರು ನಂಗೊತ್ತಿತ್ತ್.’